ಸೊಂಟ ಹಿಡ್ಕೊಂಡಾಗ ಏನು ಮಾಡಬೇಕು?

(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವ ಅಂದ್ರೆ ನಾವು ಬಾಬಾಸಾಹೇಬರ ಬಗ್ಗೆ, ಓದಿನ ಬಗ್ಗೆ, ಮೀಸಲಾತಿ ಬಗ್ಗೆ ಮಾತಾಡ್ತೀವಿ. ಈ ಸಲ ಸಂಘದ ಅಣ್ಣ "ನೀನೂ ಏನಾದ್ರೂ ಮಾತಾಡಪ್ಪ" ಅಂದಾಗ "ಸೊಂಟ ನೋವಿನ ಬಗ್ಗೆ ಮಾತಾಡ್ತೀನಣ್ಣ" ಅಂದೆ. ಅವರು ನಕ್ಕುಬಿಟ್ಟರು. ಆಮೇಲೆ ತಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು "ಸರಿ, ಮಾತಾಡು" ಅಂದ್ರು.

ಮೊದಲು ನಿಮ್ಮನ್ನೇ ಒಂದು ಕೇಳ್ತೀನಿ. ಹೋದ ಒಂದು ವರ್ಷದಲ್ಲಿ ಸೊಂಟ ಹಿಡ್ಕೊಂಡು ಒಂದು ದಿನದ ಕೂಲಿಯಾದ್ರೂ ಕಳ್ಕೊಂಡೋರು ಕೈ ಎತ್ತಿ. (ಮುಕ್ಕಾಲು ಪಾಲು ಜನ ಕೈ ಎತ್ತಿದರು.) ನೋಡಿ, ಇದಕ್ಕೇ ಈ ವಿಷಯ ಆರಿಸ್ಕೊಂಡೆ. ನಮ್ಮ ಕೇರಿಯವರು ಕೆಲಮಂಗಲ, ರಾಯಕೋಟೆ ಕಡೆ ತರಕಾರಿ ಲೋಡಿಂಗಿಗೆ ಹೋಗ್ತಾರೆ. ತಳಿ ಕಡೆ ಗುಲಾಬಿ ತೋಟಕ್ಕೆ ಹೋಗ್ತಾರೆ. ಹೊಸೂರು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬಾಂಡ್ಲಿ ಹೊರ್ತಾರೆ. ಕಲ್ಲು ಒಡೀತಾರೆ. ಹೆಂಗಸರು ರಾಗಿ ಹೊಲದಲ್ಲಿ ಬೆಳಗಿಂದ ಸಂಜೆ ತನಕ ಬಗ್ಗಿ ಕಳೆ ಕೀಳ್ತಾರೆ, ಮನೆಗೆ ಬಂದು ನೀರು ಹೊರ್ತಾರೆ. ನಮಗೆ ಜಮೀನಿಲ್ಲ, ಬಂಡವಾಳ ಇಲ್ಲ. ಇರೋ ಆಸ್ತಿ ಅಂದ್ರೆ ಈ ಬೆನ್ನು ಒಂದೇ. ಅದು ನಿಂತರೆ ಮನೆ ನಿಲ್ಲುತ್ತೆ.

ನಾನು ಡಾಕ್ಟರ್ ಅಲ್ಲ, ಬಿ.ಎ. ಓದ್ತಾ ಇರೋನು. ಆದರೆ ನಮ್ಮ ಒಂದೇ ಮನೆಯಲ್ಲಿ ಇಬ್ಬರಿಗೆ ಸೊಂಟ ಹಿಡ್ಕೊಂಡಿತು. ಒಬ್ಬರು ವಾಸಿಯಾದರು, ಇನ್ನೊಬ್ಬರು ಆಗಲಿಲ್ಲ. ಅದನ್ನ ಹೇಳಿದ್ರೆ ಮಿಕ್ಕಿದ್ದು ಸುಲಭವಾಗಿ ಅರ್ಥವಾಗುತ್ತೆ.

ಎರಡು ವರ್ಷದ ಹಿಂದೆ ಪರೀಕ್ಷೆ ಮುಗಿದ ರಜೆಯಲ್ಲಿ ಎಲೆಕೋಸು ಲೋಡಿಂಗಿಗೆ ಹೋಗಿದ್ದೆ. ಬಗ್ಗಿ ಮೂಟೆ ಹಿಡ್ಕೊಂಡು ಹಾಗೇ ಪಕ್ಕಕ್ಕೆ ತಿರುಗಿದೆ. ಸೊಂಟದಲ್ಲಿ ಚಳಕ್ ಅಂತ ಚಳುಕು ಹೊಡೀತು. ಮೂಟೆ ಬಿಟ್ಟು ಅಲ್ಲೇ ಕೂತೆ. "ಕಾಲೇಜು ಹುಡುಗನ ಸೊಂಟ ಇಷ್ಟೇ" ಅಂತ ನಕ್ಕರು. ಮನೆಗೆ ಬಂದಾಗ ಅಜ್ಜಿ ನಮ್ಮ ಬೀದಿಯಲ್ಲೇ ಕಾಲು ಮುಂದಾಗಿ ಹುಟ್ಟಿದ ಒಬ್ಬ ಅಣ್ಣನನ್ನ ಕರೆಸಿ ಬೆನ್ನಿಗೆ ಮೂರು ಸಲ ಒದೆಸಿದರು. ಮಾರನೇ ದಿನ ಒಂದು ಕ್ಲಿನಿಕ್‌ನಲ್ಲಿ ಎರಡು ಇಂಜೆಕ್ಷನ್ ಹಾಕಿ, ಹೆಸರಿಲ್ಲದ ಪೊಟ್ಟಣದಲ್ಲಿ ಬಣ್ಣಬಣ್ಣದ ಮಾತ್ರೆ ಕೊಟ್ಟು, "ಅಲ್ಲಾಡದೆ ಮಲಗು" ಅಂದ್ರು. ಒಂಬತ್ತು ದಿನ ಮಲಗಿದೆ. ಹೊಟ್ಟೆ ಉರಿ ಶುರುವಾಯ್ತು. ಸೊಂಟ ಮೊದಲಿಗಿಂತ ಬಿಗಿಯಾಯ್ತು. ಎದ್ದು ನಿಂತರೆ ಕಾಲು ನಡುಗೋದು.

ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಫಿಸಿಯೋಥೆರಪಿ ಮೇಡಂ ನನ್ನನ್ನ ಮೂರೇ ಪ್ರಶ್ನೆ ಕೇಳಿದರು. ನೋವು ಮೊಣಕಾಲು ದಾಟಿ ಕೆಳಗೆ ಇಳಿಯುತ್ತಾ? ಕಾಲಿಗೆ ಜೋಮು ಹಿಡಿಯುತ್ತಾ, ಬಲ ಕಮ್ಮಿಯಾಗಿದೆಯಾ? ಒಂದಕ್ಕೆ, ಎರಡಕ್ಕೆ ಸರಿಯಾಗಿ ಹೋಗ್ತಾ ಇದೆಯಾ? ಮೊದಲ ಎರಡಕ್ಕೂ ಇಲ್ಲ ಅಂದೆ, ಮೂರನೇದಕ್ಕೆ ಹೌದು ಅಂದೆ. ಕಾಲು ಎತ್ತಿಸಿ, ಬೆರಳು ಮಡಚಿಸಿ, ಬೆನ್ನು ಒತ್ತಿ ನೋಡಿ ಅವರು ಹೇಳಿದ್ದು ಇಷ್ಟೇ: "ಇದು ಉಳುಕು. ಎದ್ದು ನಡೀಪಾ." ಎರಡು ವಾರದಲ್ಲಿ ವಾಸಿಯಾಯ್ತು.

ಆ ರಾತ್ರಿ ಊಟಕ್ಕೆ ಕೂತಾಗ ಈ ಮೂರು ಪ್ರಶ್ನೆ ಮನೆಯಲ್ಲಿ ಹೇಳಿದೆ. ಅಪ್ಪ ಮುದ್ದೆ ಮುರೀತಾ ಇದ್ದೋರು ಕೈ ನಿಲ್ಲಿಸಿ, "ನಂಗೆ ಪಾದದವರೆಗೂ ಇಳಿಯುತ್ತಲ್ಲೋ, ಒಂದೂವರೆ ವರ್ಷದಿಂದ" ಅಂದ್ರು. ಅವರೂ "ಸೊಂಟ ಹಿಡ್ಕೊಂಡಿದೆ" ಅಂತಲೇ ಅಂತಿದ್ರು. ನಾವೂ ಅದನ್ನೇ ನಂಬಿದ್ವಿ. ಮಾತ್ರೆ ನುಂಗಿ, ಸಂಜೆ ಒಂದು ಕ್ವಾರ್ಟರ್ ಹಾಕಿ, ಬೆಳಗ್ಗೆ ಮತ್ತೆ ಮೂಟೆ ಹೊರ್ತಿದ್ರು. ಆಸ್ಪತ್ರೆಗೆ ಕರ್ಕೊಂಡು ಹೋದಾಗ ಬೆನ್ನುಮೂಳೆ ನಡುವಿನ ಡಿಸ್ಕ್ ಜಾರಿ ನರ ಒತ್ತಿದೆ, ಬಹಳ ತಡವಾಗಿದೆ ಅಂದ್ರು. ಈಗಲೂ ಅವರಿಗೆ ಎಡಗಾಲಿನ ಪಾದ ಮೇಲಕ್ಕೆ ಏಳೋದಿಲ್ಲ, ಆ ಕಾಲಲ್ಲಿ ಚಪ್ಪಲಿ ನಿಲ್ಲೋದಿಲ್ಲ.

ಇಬ್ಬರದೂ ಬೇರೆ ಬೇರೆ ಕಾಯಿಲೆ, ಕರೆದಿದ್ದು ಮಾತ್ರ ಒಂದೇ ಹೆಸರಿಂದ. ನನಗೆ ಬೇಡದ ಇಂಜೆಕ್ಷನ್ ಬಿತ್ತು, ಅಪ್ಪನಿಗೆ ಬೇಕಾದ ಆಸ್ಪತ್ರೆ ಸಿಗಲಿಲ್ಲ. ಅದಕ್ಕೇ ಮೊದಲು ಗುರುತು ಹಿಡಿಯೋದನ್ನ ಕಲೀಬೇಕು.

ಉಳುಕು ಅಂದ್ರೇನು? ನಮ್ಮ ಸೊಂಟದ ಭಾಗದಲ್ಲಿ ಐದು ಮೂಳೆ ಒಂದರ ಮೇಲೊಂದು ಕೂತಿವೆ. ಅದರ ಎರಡೂ ಕಡೆ ಹಗ್ಗದ ಥರ ದಪ್ಪ ಸ್ನಾಯುಗಳಿವೆ. ಮೂಳೆಗಳನ್ನ ಕಟ್ಟಿ ನಿಲ್ಲಿಸಿರೋದು ಅವೇ. ತಡೆಯೋಕಾಗದಷ್ಟು ಭಾರ ಬಿದ್ದಾಗ, ಇಲ್ಲ ಬಗ್ಗಿ ತಿರುಚಿದಾಗ, ಆ ಹಗ್ಗದ ಎಳೆಗಳು ಅಲ್ಲಲ್ಲಿ ಕಿತ್ತುಕೊಳ್ಳುತ್ತವೆ. ಗಾಯ ಆಯ್ತು ಅಂತ ಸುತ್ತಲ ಸ್ನಾಯು ಬಿಗಿದು ಕಲ್ಲಾಗುತ್ತೆ. ಅದನ್ನೇ ನಾವು "ಹಿಡ್ಕೊಂಡಿದೆ" ಅನ್ನೋದು. ತಮಿಳರು ಸುಳುಕ್ಕು ಅಂತಾರೆ.

ಉಳುಕಿನ ಗುರುತು ಹೀಗೆ. ನೋವು ಸೊಂಟದಲ್ಲೇ ಇರುತ್ತೆ, ಹೆಚ್ಚೆಂದರೆ ಕುಂಡಿಗೆ, ತೊಡೆಯ ಮೇಲ್ಭಾಗಕ್ಕೆ ಬರುತ್ತೆ. ಬಗ್ಗಿದರೆ, ತಿರುಗಿದರೆ, ಕೂತು ಎದ್ದರೆ ಜಾಸ್ತಿ. ಆರಾಮಾಗಿ ಮಲಗಿದರೆ ಕಮ್ಮಿ. ಬೆಳಗ್ಗೆ ಎದ್ದಾಗ ಬಿಗಿ, ಸ್ವಲ್ಪ ಓಡಾಡಿದರೆ ಸಡಿಲ. ಬೆರಳಿಟ್ಟು ಒತ್ತಿದರೆ "ಇಲ್ಲೇ" ಅಂತ ತೋರಿಸಬಹುದು. ಜೋಮು ಇರೋದಿಲ್ಲ, ಕಾಲಿನ ಬಲ ಹೋಗಿರೋದಿಲ್ಲ. ಇಂಥ ನೋವು ಬಹಳ ಜನಕ್ಕೆ ಎರಡರಿಂದ ಆರು ವಾರದೊಳಗೆ ತಾನಾಗೇ ಇಳಿಯುತ್ತೆ. ಕಾಲು ಮುಂದಾಗಿ ಹುಟ್ಟಿದೋರು ಒದ್ದಾಗ ವಾಸಿಯಾಗೋದೂ ಇದಕ್ಕೇ. ಒದ್ದರೂ ಹೋಗುತ್ತೆ, ಒದೀದಿದ್ರೂ ಹೋಗುತ್ತೆ! ಆದರೆ ಜೋರಾಗಿ ಒದೆಸೋದು, ಬೆನ್ನ ಮೇಲೆ ಹತ್ತಿ ನಿಲ್ಲಿಸೋದು, ಲಟಕ್ ಅಂತ ಮುರಿಸೋದು ಬೇಡ. ಒಳಗೆ ಡಿಸ್ಕ್ ಜಾರಿದ್ರೆ ಅಪಾಯ. ಮೂಳೆ ಮುರಿದಿಲ್ಲ ಅಂದಮೇಲೆ ಪುತ್ತೂರು ಕಟ್ಟೂ ಬೇಡ.

ಇನ್ನು ಚಿಕಿತ್ಸೆ. ಮೊದಲನೇ ಎರಡು ದಿನ ಭಾರ ಎತ್ತೋದು ಪೂರ್ತಿ ನಿಲ್ಲಿಸಿ. ಮಲಗುವಾಗ ಅಂಗಾತ ಮಲಗಿ ಮೊಣಕಾಲ ಕೆಳಗೆ ದಿಂಬು ಇಟ್ಕೊಳ್ಳಿ, ಇಲ್ಲ ಪಕ್ಕಕ್ಕೆ ಮಲಗಿ ಮೊಣಕಾಲ ನಡುವೆ ಇಟ್ಕೊಳ್ಳಿ. ದಿಂಬಿಲ್ಲದಿದ್ರೆ ಕಂಬಳಿ ಸುತ್ತಿದರೂ ಸಾಕು. ಮೊದಲನೇ ಒಂದೆರಡು ದಿನ ಐಸನ್ನ ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಬಹುದು. ಆಮೇಲೆ ಬಿಸಿನೀರಿನ ಶಾಖ. ಚರ್ಮ ಸುಡೋ ಹಾಗೆ ಬೇಡ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ಹಿತವಾಗುತ್ತೆ, ತಪ್ಪಿಲ್ಲ.

ಮುಖ್ಯವಾದ ಮಾತು ಇದು: ಮಲಗೇ ಇರಬೇಡಿ. ಗಂಟೆಗೊಂದು ಸಲ ಎದ್ದು ಮನೆ ಮುಂದೆ ಐದು ನಿಮಿಷ ನಡೀರಿ. 1995ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ನಗರಸಭೆ ನೌಕರರಲ್ಲಿ ಸೊಂಟ ಹಿಡ್ಕೊಂಡ 186 ಜನರನ್ನ ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಎರಡು ದಿನ ಮಲಗಿ ಅಂದ್ರು, ಇನ್ನೊಂದಕ್ಕೆ ವ್ಯಾಯಾಮ ಹೇಳಿಕೊಟ್ರು, ಮೂರನೇದಕ್ಕೆ ನೋವು ತಡೆಯೋಷ್ಟು ದಿನನಿತ್ಯದ ಓಡಾಟ ಮಾಡ್ಕೊಂಡಿರಿ ಅಂದ್ರು. ಬೇಗ ಚೇತರಿಸಿಕೊಂಡಿದ್ದು ಮೂರನೇ ಗುಂಪು. ನಾನು ಒಂಬತ್ತು ದಿನ ಮಲಗಿದ್ದು ಎಷ್ಟು ದೊಡ್ಡ ತಪ್ಪು ಅಂತ ಇದನ್ನ ಓದಿದ ಮೇಲೆ ಗೊತ್ತಾಯ್ತು. ಓಡಾಟ ಅಂದ್ರೆ ಮಾರನೇ ದಿನವೇ ಸಿಮೆಂಟ್ ಮೂಟೆ ಹೊರೋದು ಅಂತ ಅಲ್ಲ, ಅದೂ ನೆನಪಿರಲಿ.

ನೋವಿನ ಮಾತ್ರೆ ಬೇಕಾದರೆ ಡಾಕ್ಟರನ್ನ ಕೇಳಿ, ಊಟ ಆದಮೇಲೆ, ಕೆಲವೇ ದಿನ ತಗೊಳ್ಳಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಬಿ.ಪಿ. ಇರೋರು, ಬಸುರಿ ಹೆಂಗಸರು ಮೆಡಿಕಲ್ ಶಾಪಿನಲ್ಲಿ ಕೇಳಿ ತಾವಾಗೇ ನುಂಗಲೇಬಾರದು. ಮಾತ್ರೆ ಜೊತೆ ಸಾರಾಯಿ ಸೇರಿದರೆ ಹೊಟ್ಟೆಯಲ್ಲಿ ರಕ್ತ ಬರಬಹುದು. ಏನು ಇಂಜೆಕ್ಷನ್ ಅಂತ ಕೇಳಿ, ಚೀಟಿ ಬರೆಸ್ಕೊಳ್ಳಿ. ಹೆಸರಿಲ್ಲದ ಪೊಟ್ಟಣದ ಮಾತ್ರೆ ಬೇಡ.

ಮೂರು ನಾಲ್ಕು ದಿನಕ್ಕೆ ನೋವು ಇಳಿದಾಗ ಮೂರು ವ್ಯಾಯಾಮ ಶುರು ಮಾಡಿ. ಒಂದು, ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನ ಎದೆಗೆ ಎಳೆದು ಹತ್ತು ಎಣಿಸೋದು. ಎರಡು, ಮೊಣಕಾಲು ಮಡಚಿ ಪಾದ ನೆಲಕ್ಕೂರಿ ಸೊಂಟವನ್ನ ಸೇತುವೆ ಥರ ಎತ್ತಿ ಐದು ಎಣಿಸೋದು. ಮೂರು, ಮಗು ಅಂಬೆಗಾಲಿಡೋ ಹಾಗೆ ನಿಂತು ಬೆನ್ನನ್ನ ಮೆಲ್ಲಗೆ ಮೇಲೆ ಕೆಳಗೆ ಮಾಡೋದು. ಹತ್ತು ಹತ್ತು ಸಲ, ದಿನಕ್ಕೆರಡು ಹೊತ್ತು. ಮಾಡ್ತಾ ನೋವು ಕಾಲಿಗೆ ಇಳಿದರೆ ನಿಲ್ಲಿಸಿ. ಕೆಲಸಕ್ಕೆ ವಾಪಸ್ ಹೋದಾಗ ಮೊದಲ ವಾರ ಅರ್ಧ ಭಾರ ಸಾಕು.

ಈಗ ಅಪ್ಪನಂಥೋರ ವಿಷಯ. ಯಾವಾಗ ಮನೆಯಲ್ಲಿ ಕೂರಬಾರದು? ಒಂದಕ್ಕೆ ಹೋಗೋಕಾಗ್ತಿಲ್ಲ, ಇಲ್ಲ ಗೊತ್ತಾಗದೆ ಹೋಗ್ತಾ ಇದೆ, ಕೂರುವ ಜಾಗ ಮರಗಟ್ಟಿದೆ, ಕಾಲಿನ ಬಲ ಹೋಗ್ತಾ ಇದೆ ಅಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದ್ರೆ 108ಕ್ಕೆ ಫೋನ್ ಮಾಡಿ. ಮೇಲಿಂದ ಬಿದ್ದು ಬಂದ ನೋವು, ರಾತ್ರಿ ಮಲಗಿದ್ರೂ ಇಳಿಯದ ನೋವು, ಸಂಜೆ ಜ್ವರ, ತೂಕ ಇಳಿಯೋದು ಇದ್ರೆ ತಡ ಮಾಡಬೇಡಿ. ಟಿ.ಬಿ. ಎದೆಗೆ ಮಾತ್ರ ಬರೋದಲ್ಲ, ಬೆನ್ನುಮೂಳೆಗೂ ಬರುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಉಚಿತ. ಪಕ್ಕೆಯಿಂದ ತೊಡೆಸಂದಿಗೆ ಇಳಿಯೋ ನೋವು, ಮೂತ್ರದಲ್ಲಿ ರಕ್ತ ಇದ್ರೆ ಕಲ್ಲಿರಬಹುದು. ನೋವು ಮೊಣಕಾಲು ದಾಟಿ ಇಳೀತಾ ಇದ್ರೆ, ಆರು ವಾರವಾದ್ರೂ ಬಿಡದಿದ್ರೆ ತೋರಿಸಲೇಬೇಕು.

ನಮ್ಮ ಕಡೆ ಇನ್ನೊಂದು ಇದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ಅದಕ್ಕೂ ಬಹಳ ಜಾಸ್ತಿ ಇದ್ರೆ ಬೆನ್ನು, ಕೀಲು ಸೆಟೆದುಕೊಳ್ಳುತ್ತೆ. ಹೊಗೇನಕಲ್ ಕುಡಿಯುವ ನೀರಿನ ಯೋಜನೆ ತಂದದ್ದೇ ಇದಕ್ಕೆ. ವರ್ಷಗಳಿಂದ ಬೆನ್ನು ಬಗ್ಗದ ಹಿರಿಯರಿದ್ದರೆ "ವಯಸ್ಸಾಯ್ತು" ಅಂತ ಬಿಡಬೇಡಿ. ಯಾವ ನೀರು ಕುಡೀತಾರೆ ಅಂತ ಡಾಕ್ಟರಿಗೆ ಹೇಳಿ.

ಹೇಳೋಕೆ ಭಾಷೆ ಬರಲ್ಲ ಅಂತ ನಮ್ಮ ಅಜ್ಜಿಯರು ಆಸ್ಪತ್ರೆಗೇ ಹೋಗಲ್ಲ. ನಾವು ಮನೆಯಲ್ಲಿ ಸೊಂಟ ನೋವು ಅಂತೀವಿ, ತೆಲುಗಿನೋರು ನಡುಮು ನೊಪ್ಪಿ ಅಂತಾರೆ, ಆಸ್ಪತ್ರೆಯಲ್ಲಿ ಇಡುಪ್ಪು ವಲಿ ಅನ್ನಬೇಕು. ಬರೀ ಅಷ್ಟು ಹೇಳಿ ನಿಲ್ಲಿಸಿದ್ರೆ ಮಾತ್ರೆ ಕೊಟ್ಟು ಕಳಿಸ್ತಾರೆ. ಜೋಮು ಹಿಡಿದಿದ್ರೆ "ಮರತ್ತು ಪೋಚ್ಚು" ಅಂತ ಸೇರಿಸಿ ಹೇಳಬೇಕು. ಆ ಒಂದು ಮಾತು ಕಾಲನ್ನ ಉಳಿಸಬಹುದು. ಓದಿದ ಹುಡುಗರು, ಹುಡುಗಿಯರು ಜೊತೆಗೆ ಹೋಗೋಣ. "ಮಕ್ಕಳೈ ತೇಡಿ ಮರುತ್ತುವಂ" ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದೇ ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಅದರಲ್ಲಿ ಓಡಾಡಲಾಗದೋರ ಮನೆಗೇ ಬಂದು ಫಿಸಿಯೋಥೆರಪಿ ಮಾಡೋ ಏರ್ಪಾಡಿದೆ. ಅಪ್ಪನಿಗೆ ನಾವೂ ಹಾಗೇ ಕೇಳಿ ಮಾಡಿಸಿಕೊಂಡ್ವಿ. ಕೇಳಬೇಕು, ನಾಚಿಕೊಳ್ಳಬಾರದು.

ಕೊನೆಯದಾಗಿ, ಬರದ ಹಾಗೆ ತಡೆಯೋದು ಹೇಗೆ? ಹಾರೆ ಹಾಕಿ ಬಂಡೆ ಎಬ್ಬಿಸೋದು ನಿಮಗೆ ಗೊತ್ತು. ಅಲ್ಲಿ ಉದ್ದದ ತುದಿ ನಮ್ಮ ಕೈಯಲ್ಲಿರುತ್ತೆ, ಅದಕ್ಕೇ ಸುಲಭ. ಬೆನ್ನಲ್ಲಿ ಅದು ಉಲ್ಟಾ. ಬೆನ್ನಿನ ಸ್ನಾಯು ಮೂಳೆಯ ಮಧ್ಯದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇದೆ. 20 ಕೆ.ಜಿ. ಮೂಟೆಯನ್ನ ಬೆನ್ನುಮೂಳೆಯಿಂದ 50 ಸೆಂಟಿಮೀಟರ್ ಮುಂದೆ ಹಿಡಿದರೆ, ಆ ಮೂಟೆಗೇ ಸ್ನಾಯು 200 ಕೆ.ಜಿ. ಬಲದಿಂದ ಎಳೀಬೇಕು. ಮೈಗೆ ತಾಗಿಸಿ 20 ಸೆಂಟಿಮೀಟರಿಗೆ ತಂದರೆ 80 ಕೆ.ಜಿ. ಸಾಕು. ಹಾಗಾಗಿ ಭಾರವನ್ನ ಮೈಗೆ ಅಂಟಿಸ್ಕೊಳ್ಳಿ. ಮೊಣಕಾಲು ಮಡಚಿ ಎತ್ತಿ. ತಿರುಗೋದಾದ್ರೆ ಸೊಂಟ ತಿರುಚಬೇಡಿ, ಪಾದ ತಿರುಗಿಸಿ.

ಆದರೆ ಇಷ್ಟಕ್ಕೇ ನಿಲ್ಲಿಸಿದ್ರೆ ನಾನು ಮೋಸ ಮಾಡಿದ ಹಾಗೆ. ಹೀಗೆ ಎತ್ತು, ಹಾಗೆ ಎತ್ತು ಅಂತ ಬರೀ ಪಾಠ ಹೇಳಿದ್ದರಿಂದ ಕೂಲಿಗಾರರ ಬೆನ್ನುನೋವು ಕಮ್ಮಿಯಾಗಲಿಲ್ಲ ಅಂತ ಬೇರೆ ಬೇರೆ ದೇಶದ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದೋರು ಹೇಳ್ತಾರೆ. ಲಾರಿ ಕಾಯ್ತಾ ಇದೆ, ಮೇಸ್ತ್ರಿ ಕೂಗ್ತಾ ಇದ್ದಾನೆ, ಮೂಟೆ ಲೆಕ್ಕಕ್ಕೆ ಕೂಲಿ. ಆಗ ಯಾರು ಮೊಣಕಾಲು ಮಡಚ್ತಾರೆ? ತಪ್ಪು ನಮ್ಮ ಸೊಂಟದ್ದಲ್ಲ, ಭಾರದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದ ಕೂಲಿಗಾರರಿಗೆ ಗೇಣುದ್ದದ ಹಿಡಿ ಇರೋ ಗುದ್ದಲಿ ಕೊಡ್ತಿದ್ರು. ಅದರಲ್ಲಿ ದಿನವಿಡೀ ಬಗ್ಗೇ ಕೆಲಸ ಮಾಡಬೇಕು. ಯಾರಾದರೂ ನೆಟ್ಟಗೆ ನಿಂತರೆ ಮಾಲೀಕನಿಗೆ ದೂರದಿಂದಲೇ ಕಾಣ್ತಿತ್ತು. ಸೀಸರ್ ಚಾವೇಜ್ ಅನ್ನೋ ಕೂಲಿಗಾರರ ನಾಯಕರೂ ಅದೇ ಗುದ್ದಲಿ ಹಿಡಿದು ಬೆನ್ನು ಕೆಡಿಸ್ಕೊಂಡೋರು. ಕೂಲಿಗಾರರು ಕೋರ್ಟಿಗೆ ಹೋದರು. 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಂತು. ಅವರ ಬೆನ್ನು ಉಳಿಸಿದ್ದು ಮಾತ್ರೆಯಲ್ಲ, ಉದ್ದದ ಹಿಡಿ. ನಮ್ಮ ಹೆಂಗಸರು ಕಳೆ ಕೀಳೋಕೆ ಹಿಡಿಯೋ ಕೈಗುದ್ದಲಿಯನ್ನ ಒಂದು ಸಲ ನೋಡಿ.

ನಮ್ಮಲ್ಲೂ ಕಾನೂನು ಬಂದಿತ್ತು. 2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮಿನಲ್ಲೇ, ಗಾಯವಾಗೋಷ್ಟು ಭಾರವನ್ನ ಯಾರಿಂದಲೂ ಎತ್ತಿಸಬಾರದು ಅಂತ ಬರೆದಿದ್ದರು. ಆದರೆ ಅದು ಕಾರ್ಖಾನೆ ಗೇಟಿನ ಒಳಗಿನ ಮಾತಾಗಿತ್ತು. ತೋಟದಲ್ಲಿ, ಮಂಡಿಯಲ್ಲಿ ಅದನ್ನ ನೋಡೋರಿರಲಿಲ್ಲ. 2018ರಲ್ಲಿ ಯೂರಿಯಾ ಮೂಟೆ 50ರಿಂದ 45 ಕೆ.ಜಿ.ಗೆ ಇಳೀತು. ನಮ್ಮ ಸೊಂಟದ ಮೇಲಿನ ಕನಿಕರಕ್ಕಲ್ಲ, ಯೂರಿಯಾ ಉಳಿಸೋಕೆ. ಆದರೆ ಸರ್ಕಾರ ಮನಸ್ಸು ಮಾಡಿದರೆ ಮೂಟೆ ತೂಕ ಇಳಿಯುತ್ತೆ ಅನ್ನೋದಂತೂ ಗೊತ್ತಾಯ್ತು. ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡೋ ನಮ್ಮ ತಂಗಿಯರಿಗೆ ಕೂರೋಕೆ ಸೀಟು ಕೊಡಬೇಕು ಅಂತ 2021ರಲ್ಲಿ ತಮಿಳುನಾಡು ಕಾನೂನು ತಿದ್ದಿತು. ಅದು ಎಷ್ಟು ಜನಕ್ಕೆ ಗೊತ್ತು?

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆಯನ್ನ 48ಕ್ಕೆ ಇಳಿಸೋ ಮಸೂದೆ ತಂದೋರು ಅವರೇ. ದಣಿವು ಕೂಲಿಗಾರನ ಹಣೆಬರಹ ಅಲ್ಲ, ಕಾನೂನಿನಿಂದ ಇಳಿಸಬಹುದಾದದ್ದು ಅಂತ ಅವರು ತೋರಿಸಿದರು. ಬೆನ್ನಿನ ನೋವೂ ಹಾಗೇ. ಹೊರೋದು ನಮ್ಮ ಜಾತಿಯ ಕೆಲಸ ಅಂತ ಹೇಳ್ಕೊಟ್ಟೋರು ಅದರ ನೋವನ್ನೂ ನಮ್ಮದೇ ಅಂದ್ರು. ನಾವು ಒಪ್ಪಿಕೊಂಡು ಸುಮ್ಮನಿದ್ದೀವಿ.

ಅದಕ್ಕೆ ಸಂಘದ ಮುಂದೆ ನಾಲ್ಕು ಮಾತು ಇಡ್ತೀನಿ. ಒಂದು, 50 ಕೆ.ಜಿ. ದಾಟಿದ ಮೂಟೆಯನ್ನ ನಮ್ಮ ಕೇರಿಯೋರು ಒಬ್ಬರೇ ಎತ್ತೋದಿಲ್ಲ, ಇಬ್ಬರು ಹಿಡೀತೀವಿ ಅಂತ ಎಲ್ಲರೂ ಸೇರಿ ಮೇಸ್ತ್ರಿಗಳಿಗೆ ಹೇಳೋಣ. ಒಬ್ಬರೇ ಹೇಳಿದ್ರೆ ಕೆಲಸ ಹೋಗುತ್ತೆ, ಎಲ್ಲರೂ ಹೇಳಿದ್ರೆ ಹೋಗಲ್ಲ. ಎರಡು, ಸಂಘದ ದುಡ್ಡಲ್ಲಿ ಎರಡು ಕೈಗಾಡಿ ತಗೊಳ್ಳೋಣ. ಮೂರು, ಗಾರೆ ಕೆಲಸದೋರು, ಲೋಡಿಂಗಿನೋರು ಎಲ್ಲರ ಹೆಸರನ್ನೂ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸೋಣ. ಕಟ್ಟಡ ಕಾರ್ಮಿಕರ ಮಂಡಳಿ 1994ರಿಂದಲೇ ಇದೆ. ಅಪಘಾತದಲ್ಲಿ ಅಂಗ ಊನವಾದರೆ ಮಂಡಳಿಯಿಂದ ಪರಿಹಾರ ಸಿಗೋಕೆ ಕಾರ್ಡ್ ಬೇಕು. ಅರ್ಜಿ ಬರೆಯೋ ಕೆಲಸ ನನ್ನದು. ನಾಲ್ಕು, ಮೇಡಂ ಕೇಳಿದ ಆ ಮೂರು ಪ್ರಶ್ನೆಯನ್ನ ಇವತ್ತು ಮನೆಗೆ ಹೋಗಿ ನಿಮ್ಮ ಅಪ್ಪನನ್ನ, ಅಮ್ಮನನ್ನ, ಅಣ್ಣನನ್ನ ಕೇಳಿ.

ನಾನು ನಮ್ಮಪ್ಪನನ್ನ ಒಂದೂವರೆ ವರ್ಷ ಕೇಳಲಿಲ್ಲ. ನೀವು ಇವತ್ತೇ ಕೇಳಿ.

ಇಷ್ಟು ಹೊತ್ತು ನೆಲದ ಮೇಲೆ ಕೂತು ಕೇಳಿದ್ದೀರಿ. ಈಗ ಎಲ್ಲರೂ ಒಂದು ಸಲ ಎದ್ದು ನಿಂತು ಸೊಂಟ ಸಡಿಲ ಮಾಡ್ಕೊಳ್ಳಿ. ಜೈ ಭೀಮ್.